ಅವ್ವ ಹುಯ್ದ ನೀರು, ಅಕ್ಕ ಆಡಿದ ಮಾತು

ಕಂಡಕ್ಟರ್ ಬ್ಯಾಗು ಹೊಟ್ಟೆಯ ಯಾವ ಜಾಗಕ್ಕೆ ಬಂದು ಕೂರುತ್ತೆ ಅಂತ ಯಾವತ್ತಾದ್ರೂ ನೋಡಿದ್ದೀರಾ? ಹೆಗಲಿಂದ ಇಳಿಬಿದ್ದ ಪಟ್ಟಿ, ಅದರ ತುದಿಗೆ ಚಿಲ್ಲರೆ ತುಂಬಿದ ಚರ್ಮದ ಚೀಲ. ಬಸ್ಸು ಹಂಪು ಹಾರಿದಾಗೆಲ್ಲ ಅದು ಬಂದು ಗುದ್ದೋದು ಅಡಿಹೊಟ್ಟೆಗೆ. ಸಿಜೇರಿಯನ್ ಆದ ಹೆಂಗಸರ ಹೊಲಿಗೆ ಇರೋದೂ ಅಲ್ಲೇ. ಬಸ್ಸು ಮಾಡಿದೋರೂ ಗಂಡಸರು, ಬ್ಯಾಗು ಹೊಲಿದೋರೂ ಗಂಡಸರು, ಅವರಿಗೇನು ಗೊತ್ತಾಗಬೇಕು ಬಿಡಿ. ಆದರೆ ನನಗೆ ಮೋಸ ಮಾಡಿದವರು ಗಂಡಸರಲ್ಲ. ಒಬ್ಬಳು ನನ್ನ ಹೆತ್ತವಳು, ಇನ್ನೊಬ್ಬಳು ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು.

ನಾನು ಮದ್ದೂರು, ಮಳವಳ್ಳಿ ಕಡೆ ಓಡಾಡೋ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಗಂಡ ವಿ.ಸಿ. ಫಾರಂನಲ್ಲಿ, ಅದೇ ಕೃಷಿ ಕಾಲೇಜಿನಲ್ಲಿ, ಕೆಲಸಕ್ಕಿದ್ದಾರೆ, ಮನೆ ಮಂಡ್ಯದಲ್ಲಿ. ತವರುಮನೆ ಬೆಸಗರಹಳ್ಳಿ ಪಕ್ಕದ ಸಣ್ಣ ಊರು. ಅಕ್ಕನನ್ನ ಕೊಟ್ಟಿರೋದು ಮಳವಳ್ಳಿ ಕಡೆಗೆ. ನನ್ನ ಬಾಯಿ ಜೋರು ಅಂತ ಎಲ್ಲರೂ ಅಂತಾರೆ. ಜೋರಿಲ್ಲದೆ ಬಸ್ಸಿನಲ್ಲಿ ಬದುಕೋಕಾಗುತ್ತಾ? 'ಒಳಗೆ ಓಗ್ರಮ್ಮ, ಬಾಗ್ಲಲ್ಲೇ ನಿಂತ್ಕಂಡು ಏನ್ ಬಸ್ಸಿಗೆ ಕಾವಲಾ?' ಅಂತ ಕೂಗದಿದ್ದರೆ ಹೆಂಗಸರು ಒಂದಿಂಚೂ ಅಲ್ಲಾಡಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲಂತೂ ಕೇಳಲೇಬೇಡಿ. ಊರಿಗೆಲ್ಲ ಕೂಗೋ ನಾನು ಅವ್ವ, ಅಕ್ಕ ಹೇಳಿದ ಮಾತಿಗೆ ಮಾತ್ರ ಒಂದು ದಿನವೂ ಎದುರಾಡಿರಲಿಲ್ಲ.

ಮಗ ಹುಟ್ಟಿದ್ದು ಆಪರೇಷನ್ ಮಾಡಿ. ಕೂಸು ಅಡ್ಡ ತಿರುಗಿತ್ತು, ನೋವು ತಿಂದೂ ತಿಂದೂ ಸಾಕಾಗಿ ಕೊನೆಗೆ ಕುಯ್ದು ತೆಗೆದರು. ನೋಡೋಕೆ ಬಂದವರೆಲ್ಲ ಮಗು ಕಪ್ಪಾ ಕೆಂಪಾ ಅಂತ ಕೇಳೋಕೆ ಮುಂಚೆ ಕೇಳಿದ್ದು ಒಂದೇ, 'ನಾರ್ಮಲ್ಲಾ, ಆಪ್ರೇಸನ್ನಾ?' ಆಪರೇಷನ್ ಅಂದ ಕೂಡಲೇ ಅವರ ಮುಖ ನೋಡಬೇಕಿತ್ತು, ಕಷ್ಟ ಇಲ್ಲದೆ ಸಂಬಳ ಎಣಿಸಿಕೊಂಡವಳನ್ನ ನೋಡೋ ಹಾಗೆ ನೋಡಿದರು. 'ಬುಡು, ನೀನೇನು ಎರಿಗೆ ನೋವು ಕಂಡೋಳಾ' ಅಂತ ನಮ್ಮ ಸೋದರತ್ತೆ ಒಬ್ಬರು ಮುಖದ ಮೇಲೇ ಅಂದರು. ಸರಿ, ನಾನು ಕಂಡಿದ್ದು ಹಬ್ಬದೂಟ.

ಬಾಣಂತನ ತವರುಮನೆಯಲ್ಲಿ. ಇಲ್ಲಿ ಅವ್ವನ ವಿಷಯ ಹೇಳಲೇಬೇಕು. ಸುತ್ತಮುತ್ತಲ ಊರುಗಳಲ್ಲಿ ಬಾಣಂತಿಗೆ ನೀರು ಹುಯ್ಯೋದಕ್ಕೆ ಅವ್ವನನ್ನೇ ಕರೆಯೋರು. ದುಡ್ಡಿಗಲ್ಲ, ಹೆಸರಿಗೆ. ಹರಳೆಣ್ಣೆ ಹಚ್ಚಿ ಮೈಯೆಲ್ಲ ನೀವಿ, ಹಂಡೆ ನೀರು ಕುದಿಯೋಕೆ ಒಂದು ಹದ ಮುಂಚೆ ತೆಗೆದು, ಚೊಂಬಿನಲ್ಲಿ ಮೊಗೆದು ಸೊಂಟಕ್ಕೆ ರಪ್ ಅಂತ ಹುಯ್ದರೆ ಬಾಣಂತಿ ಕಿರುಚಬೇಕು, ಕಿರುಚಿದ ಮೇಲೆ ನಿದ್ದೆಗೆ ಬೀಳಬೇಕು. ಆಮೇಲೆ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹಳೇ ಸೀರೆ ಮಡಚಿ ಹೊಟ್ಟೆಗೆ ಬಿಗಿದು ಕಟ್ಟೋಳು. 'ನನ್ ಕೈ ನೀರು ಬಿದ್ದ ಮೈ ಯಾವತ್ತಾರ ನೋವು ಅಂದದಾ?' ಅಂತ ಕೇಳೋಳು. ಅವಳ ಮುಂದೆ ಯಾರೂ ಅಂದಿರಲಿಲ್ಲ. ನಮ್ಮ ಕಡೆ ಹೆಂಗಸರಿಗೆ ಮುಂದೆ ಯಾವ ನೋವು ಬಂದರೂ, ಸೊಂಟವೋ ಮಂಡಿಯೋ ತಲೆಯೋ, ಮೊದಲು ಕೇಳೋ ಪ್ರಶ್ನೆ, 'ಬಾಣಂತನ ಯಾರು ಮಾಡಿದ್ರು?' ಅಂತಲೇ. ನೋವು ಮಗಳದ್ದು, ತಪ್ಪು ತಾಯಿಯದ್ದು.

ನನ್ನ ಬಾಣಂತನದಲ್ಲೂ ಅವ್ವ ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಹೊಲಿಗೆ ಒಣಗೋವರೆಗೂ ಕಾದು ಆಮೇಲೆ ನೀರು ಹುಯ್ದಳು, ಬೆಳ್ಳುಳ್ಳಿ ಮೆಣಸು ಅರೆದು ಸಾರು ಮಾಡಿ ಬಿಸಿ ಅನ್ನಕ್ಕೆ ಕಲಸಿ ಕೊಟ್ಟಳು. ಸುಳ್ಳು ಹೇಳಬಾರದು, ಸುಖವಾಗಿತ್ತು.

ನೋವು ಶುರುವಾಗಿದ್ದು ಮತ್ತೆ ಮುಟ್ಟು ಬಂದಮೇಲೆ. ಮೊದಮೊದಲು ಹೊಲಿಗೆಯ ಬಲತುದಿಯಲ್ಲಿ ಚುಳ್ ಅನ್ನೋದು. ಬರುಬರುತ್ತಾ ಆ ಜಾಗದಲ್ಲಿ ಹುಣಸೆಬೀಜದಷ್ಟು ಗಟ್ಟಿ ಸಿಕ್ಕಿತು. ಮುಟ್ಟು ಹತ್ತಿರ ಬಂದರೆ ಅದು ಊದಿಕೊಳ್ಳೋದು, ಒಳಗೆಲ್ಲ ಯಾರೋ ಹಿಡಿದು ಹಿಂಡಿದ ಹಾಗೆ ಆಗೋದು, ಮುಟ್ಟು ನಿಂತಮೇಲೆ ತಣ್ಣಗಾಗೋದು. ಆ ದಿನಗಳಲ್ಲಿ ಬ್ಯಾಗನ್ನ ಬೆನ್ನ ಹಿಂದಕ್ಕೆ ತಳ್ಳಿಕೊಂಡು ಟಿಕೆಟ್ ಕೊಡ್ತಿದ್ದೆ. ಗಂಡನ ಜೊತೆ ಮಲಗೋಕೂ ಹೆದರಿಕೆ. ಅವರು ಪಾಪ, ಗೋಡೆ ಕಡೆ ತಿರುಗಿ ಮಲಗೋರು.

ಕಾರಣ ಹೇಳೋರಿಗೆ ಮಾತ್ರ ಬರ ಇರಲಿಲ್ಲ. ಬೆನ್ನಿಗೆ ಕೊಟ್ಟ ಸೂಜಿದು ಅಂದ ನಮ್ಮ ಡ್ರೈವರು. ನಿಂತು ನಿಂತು ಅಂದರು ಗಂಡ. ಬಾಣಂತಿಯಾಗಿದ್ದಾಗ ಕದ್ದು ತಣ್ಣೀರು ಕುಡಿದಿದ್ದೀಯ ಅಂದಳು ಅವ್ವ. ಕುಡಿದಿರಲಿಲ್ಲ ದೇವರಾಣೆ. ಅತ್ತೆಯದ್ದು ಒಂದೇ ಮಾತು, 'ಬಾಣಂತನ ಸರಿ ಇಲ್ಲ.' ಮೆಡಿಕಲ್ ಸ್ಟೋರಿನವನು ಗುಳಿಗೆ ಕೊಡೋನು, ನುಂಗಿದರೆ ಒಂದು ಟ್ರಿಪ್ಪು ಆಗೋದು, ಮತ್ತೆ ಇನ್ನೊಂದು.

ಇದೆಲ್ಲ ಯಾಕೆ ಸಹಿಸಿಕೊಂಡಿದ್ದೆ ಅಂದರೆ ನನಗೆ ಇನ್ನೊಂದು ಮಗು ಬೇಕಿತ್ತು. ಹೆಣ್ಣು. ಇದನ್ನ ಹೇಳೋಕೆ ನನಗೇನು ನಾಚಿಕೆ ಇಲ್ಲ. ಅವ್ವ, ಅಕ್ಕ, ನಾನು ಸೇರಿಕೊಂಡು ಕೂತರೆ ಮನೆ ತುಂಬ ಇರೋ ಗದ್ದಲ, ಒಬ್ಬರ ತಲೆ ಒಬ್ಬರು ಬಾಚೋದು, ಒಬ್ಬರ ಸೀರೆ ಒಬ್ಬರು ಉಡೋದು, ಅದು ನನ್ನ ಮನೆಯಲ್ಲೂ ಇರಲಿ ಅಂತ ಆಸೆ. ನೋವು ಹೋದಮೇಲೆ ನೋಡೋಣ ಅಂತ ಗಂಡನೂ ಒಪ್ಪಿದ್ದರು. ನೋವು ಹೋಗಬೇಕಿತ್ತು, ಅಷ್ಟೇ.

ಆಗ ಚಿಕ್ಕರಸಿನಕೆರೆಯಲ್ಲಿ ನಮ್ಮ ಅತ್ತೆಯ ಕಡೆಯವರ ಒಂದು ಬೀಗರೂಟ. ಅವ್ವ, ಅಕ್ಕ ಎಲ್ಲ ಬಂದಿದ್ದರು. ಅವತ್ತು ನನಗೆ ಮುಟ್ಟಿನ ದಿನಗಳು. ಎಲೆ ಮುಂದೆ ಕೂತವಳು ಏಳೋಕಾಗದೆ ಹೊಟ್ಟೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಪಂಕ್ತಿಯಲ್ಲಿ ಎಲ್ಲ ಹೆಂಗಸರೂ ನೋಡುತ್ತಿದ್ದಾರೆ. ಅತ್ತೆಗೆ ಅಷ್ಟೇ ಸಾಕಾಯಿತು.

'ಊರೋರ್ ಎಣ್ಮಕ್ಳಿಗೆಲ್ಲ ನೀರು ಉಯ್ಯಕೆ ಓಯ್ತಾಳೆ ನಮ್ ಬೀಗ್ತಿ, ತನ್ ಮಗಳ ಒಟ್ಟೆ ನೆಟ್ಟಗೆ ಕಟ್ನಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ' ಅಂದರು, ಮಾಂಸದ ಸಾರು ಬಡಿಸಿಕೊಳ್ಳುತ್ತಲೇ.

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಮುದ್ದೆ ಮುರಿದವಳು ಬಾಯಿಗೆ ಇಡದೆ ಎಲೆ ಮಡಚಿ ಎದ್ದಳು. ಆಮೇಲೆ ಕೆಲವು ತಿಂಗಳು ಯಾರೂ ಅವ್ವನನ್ನ ನೀರು ಹುಯ್ಯೋಕೆ ಕರೆಯಲಿಲ್ಲವಂತೆ. ಅದು ನಿಜವೋ ಅವಳ ಮನಸ್ಸಿಗೆ ಹಾಗೆ ಅನ್ನಿಸಿತ್ತೋ ಗೊತ್ತಿಲ್ಲ.

ಅದಾದ ಮೇಲೆ ಅವ್ವನ ಮಾತು ಬದಲಾಯಿತು. ತಣ್ಣೀರಿನ ಮಾತು ಬಿಟ್ಟಳು. 'ಇದು ಬಾಣಂತನದ್ದಲ್ಲ ಕಣ್ ಮಗ, ಗರ್ಬಕೋಸದ್ದು. ನಿಮ್ಮಕ್ಕಂಗೂ ಇಂಗೇ ಇತ್ತಲ್ಲ, ತೆಗಿಸ್ದ ಮೇಲೆ ನೋಡು ಎಂಗವ್ಳೆ' ಅನ್ನತೊಡಗಿದಳು. ಅಕ್ಕನಿಗೂ ಎರಡೂ ಹೆರಿಗೆ ಸಿಜೇರಿಯನ್. ಅವಳೂ ವರ್ಷಗಟ್ಟಲೆ ಅಡಿಹೊಟ್ಟೆ ನೋವು ಅಂತ ಅಲೆದು, ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದಳು. ಅಲ್ಲಿಗೇ ನನ್ನನ್ನೂ ಕರೆದುಕೊಂಡು ಹೋದರು.

ಡಾಕ್ಟರು ಸ್ಕ್ಯಾನಿಂಗ್ ನೋಡಿ ಗರ್ಭಕೋಶ ಸ್ವಲ್ಪ ದಪ್ಪ ಆಗಿದೆ ಅಂದರು. ಹೊಟ್ಟೆ ಮುಟ್ಟಿ ನೋಡಲಿಲ್ಲ. ಹೊಲಿಗೆ ಹತ್ತಿರ ಗಂಟು ಇದೆ ಸಾರ್ ಅಂದೆ. 'ಹೊಲಿಗೆ ಅಂದಮೇಲೆ ಗಂಟು ಇರುತ್ತಮ್ಮ' ಅಂದರು. ಇನ್ನೊಂದು ಮಗು ಬೇಕು ಸಾರ್ ಅಂದೆ. 'ಗಂಡು ಮಗು ಇದೆಯಲ್ಲ, ಇನ್ನೇನು? ಇಟ್ಕೊಂಡು ನೋವು ತಿಂತೀರೋ, ತೆಗೆಸಿ ಆರಾಮಾಗಿರ್ತೀರೋ ಯೋಚನೆ ಮಾಡಿ. ನಿಮ್ಮಕ್ಕಂಗೂ ನಾನೇ ಮಾಡಿದ್ದು, ಪಕ್ಕದಲ್ಲೇ ಕೂತಿದ್ದಾರೆ, ಕೇಳಿ.'

ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ ಅವ್ವನ ಕಡೆ ನೋಡಿದಳು. ಆಮೇಲೆ ನನ್ನ ಕಡೆ. 'ನಂಗೆ ಪೂರ್ತಿ ವಾಸಿಯಾಯ್ತು ಕಣಮ್ಮಿ. ಈಗ ಉಲ್ಲಿನ ಒರೆ ಒತ್ಕಂಡು ಬತ್ತೀನಿ' ಅಂದಳು. ಅವಳು ಮೊದಲು ಅವ್ವನ ಮುಖ ನೋಡಿದ್ದನ್ನ ಕಂಡೆ, ಆದರೆ ಗಂಡಸು ಡಾಕ್ಟರ ಮುಂದೆ ನಾಚಿಕೆ ಅಂದುಕೊಂಡೆ.

ಆಪರೇಷನ್ನಿಗೆ ಸೇರಿದ ದಿನ ಅವ್ವ ಕಾಫಿ ತರೋಕೆ ಹೋಗಿದ್ದಾಗ ನಾನೂ ಅಕ್ಕನೂ ಇಬ್ಬರೇ ಇದ್ದೆವು. ಅವಳ ಕೈ ಹಿಡಿದು ಕೇಳಿದೆ. 'ಅಕ್ಕ, ನಿಜ ಏಳು. ನಂಗೆ ಇನ್ನೊಂದು ಕೂಸು ಬೇಕು ಅಂತ ಜೀವ ಒಡ್ಕತದೆ. ಅದನ್ನ ಬುಟ್ಬುಟ್ರೆ ಈ ನೋವು ಓಯ್ತದಾ? ಗ್ಯಾರಂಟಿ ಓಯ್ತದಾ?'

'ಓಯ್ತದೆ.'

'ನಿಂಗೆ ಓಯ್ತಾ?'

'ಓಯ್ತು ಅಂದ್ನಲ್ಲ. ನನ್ ಮೇಲೆ ನಂಬ್ಕೆ ಇಲ್ವಾ ನಿಂಗೆ?' ಅಂತ ನನ್ನ ತಲೆ ಸವರಿದಳು. ಚಿಕ್ಕವಳಿದ್ದಾಗ ಶಾಲೆಗೆ ಹೋಗೋಕೆ ಅತ್ತರೆ ಹಾಗೇ ಸವರೋಳು. ನಂಬದೆ ಏನು ಮಾಡಲಿ? ಅಕ್ಕನನ್ನ ನಂಬದವಳು ಇನ್ನು ಯಾರನ್ನ ನಂಬಬೇಕು? ಕಾಗದದ ಮೇಲೆ ರುಜು ಹಾಕಿದೆ. ಗಂಡ ಕೇಳಿದರು, ಖಂಡಿತವಾ ಅಂತ. ಅಕ್ಕನೇ ಹೇಳ್ತಾವ್ಳಲ್ಲ ಅಂದೆ.

ತೆಗೆದರು. ಅದೇ ಹಳೇ ಗೆರೆಯ ಮೇಲೇ ಮತ್ತೆ ಕುಯ್ದು ತೆಗೆದರು. ಅಂಡಾಶಯ ಉಳಿಸಿದ್ದೀವಿ, ವಯಸ್ಸು ಚಿಕ್ಕದು ಅಂತ ಏನೋ ದೊಡ್ಡ ಉಪಕಾರ ಮಾಡಿದ ಹಾಗೆ ಹೇಳಿದರು. ಅವ್ವ ಮತ್ತೆ ಬಂದು ನನ್ನ ಹೊಟ್ಟೆ ಕಟ್ಟಿದಳು.

ಹೊಲಿಗೆ ಮಾಯಿತು. ಸ್ವಲ್ಪ ದಿನ ನೆಮ್ಮದಿಯಾಗಿದ್ದೆ. ಆಮೇಲೆ ಒಂದು ದಿನ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತೋಕೆ ಕಾಲೆತ್ತಿದೆ, ಚುಳ್ ಅಂತು. ಅದೇ ಜಾಗ. ಅದೇ ಹುಣಸೆಬೀಜ, ಆದರೆ ಈಗ ಅಡಿಕೆಯಷ್ಟು. ಮುಟ್ಟು ಇಲ್ಲ, ಮುಟ್ಟಿನ ನೋವು ಮಾತ್ರ ತಿಂಗಳಿಗೊಂದು ಸಲ ತಪ್ಪದೆ ಬರೋದು. ಬಾಡಿಗೆಯವನನ್ನ ಓಡಿಸೋಕೆ ಮನೆಯನ್ನೇ ಕೆಡವಿಸಿದ್ದೆ, ಬಾಡಿಗೆಯವನು ಅಂಗಳದಲ್ಲೇ ಕೂತಿದ್ದ.

ನಿಮಗೆ ನಗು ಬರಬಹುದು, ಆಗ ನನಗೆ ಡಾಕ್ಟರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೇ ಬಂತು. ಅಕ್ಕನಿಗೆ ವಾಸಿಯಾಗಿದೆ, ನನಗೆ ಯಾಕಾಗಲಿಲ್ಲ? ನನ್ನ ಮೈಯಲ್ಲೇ ಏನೋ ಐಬಿದೆ. ಅಕ್ಕನಿಗೆ ಫೋನು ಮಾಡಿ ಅತ್ತೆ. 'ಮೈ ಇನ್ನೂ ಅಸಿ ಅದೆ, ವಸಿ ದಿನ ಓಗ್ಲಿ ಇರು' ಅಂದಳು. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಫೋನು ಮಾಡಿ ಅತ್ತೆ. ಮತ್ತೆ ಅದೇ ಮಾತು. ಬಸ್ಸಿನಲ್ಲಿ ಕಂಕುಳಲ್ಲಿ ಹೆಣ್ಣು ಕೂಸು ಎತ್ತಿಕೊಂಡು ಹತ್ತಿದವರನ್ನ ಕಂಡರೆ ಟಿಕೆಟ್ ಕೊಟ್ಟು ಮುಖ ತಿರುಗಿಸಿಬಿಡ್ತಿದ್ದೆ. ಆ ಕೂಸುಗಳು ನನ್ನ ಟಿಕೆಟ್ ಮಿಷನ್ನಿನ ಗುಂಡಿ ಒತ್ತೋಕೆ ಕೈ ಚಾಚೋವು.

ಗೌರಿ ಹಬ್ಬಕ್ಕೆ ಇಬ್ಬರೂ ತವರಿಗೆ ಹೋದೆವು. ಅವ್ವ ಒಳಗೆ ಕಡುಬಿಗೆ ಹೂರಣ ಮಾಡುತ್ತಿದ್ದಳು. ಬಾಳೆಎಲೆ ತರೋಣ ಅಂತ ನಾನು ಹಿತ್ತಲಿಗೆ ಹೋಗಿ, ಒಂದು ಎಲೆ ಕುಯ್ದು ತಿರುಗಿದರೆ, ಹಿತ್ತಲ ಒಲೆ ಮುಂದೆ ಅಕ್ಕ ಕೂತಿದ್ದಾಳೆ. ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಸೀರೆ ಸಡಿಲ ಮಾಡಿಕೊಂಡು ಅಡಿಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಾಳೆ. ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ. ಹೊಟ್ಟೆಯ ಚರ್ಮ ಅಲ್ಲೆಲ್ಲ ಸುಟ್ಟು ಕಪ್ಪಾಗಿದೆ. ಒಂದು ದಿನದ ಶಾಖಕ್ಕೆ ಹಾಗಾಗಲ್ಲ.

'ಏನಕ್ಕ ಇದು?'

ಬೆಚ್ಚಿ ಸೀರೆ ಮುಚ್ಚಿಕೊಂಡಳು. 'ಗ್ಯಾಸು ಕಣೆ.'

'ಗ್ಯಾಸಿಗೆ ಇಂಗೆ ಚರ್ಮ ಬೇಯಿಸ್ಕತಾರಾ? ಬಾಯ್ ಬುಡು. ಯಾವಾಗ್ನಿಂದ?'

ನಾನು ಬಿಡಲಿಲ್ಲ. ಕೊನೆಗೆ ಒಲೆ ಕಡೆ ನೋಡುತ್ತಾ ಹೇಳಿದಳು. 'ನಂಗ್ಯಾವತ್ತು ವಾಸಿಯಾಗಿತ್ತು?'

ಕೈಲಿದ್ದ ಎಲೆ ಕೆಳಗೆ ಬಿತ್ತು ಅಂತೆಲ್ಲ ಬರೆಯಬಹುದು, ಬೀಳಲಿಲ್ಲ. ನಾನು ಅದನ್ನ ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದೆ. 'ಮತ್ಯಾಕೆ ಅಂಗಂದೆ?'

'ಅವ್ವ ಏಳು ಅಂದ್ಲು. ಬೀಗರೂಟದಲ್ಲಿ ನಿಮ್ಮತ್ತೆ ಅಂದ್ರಲ್ಲ, ಅದು ಅವ್ವಂಗೆ ತಡಿಯಕಾಗ್ನಿಲ್ಲ. ನಿಂಗೂ ನೋವು, ನಂಗೂ ನೋವು ಅಂತ ಗೊತ್ತಾದ್ರೆ ಇಬ್ರು ಮಕ್ಕಳ ಬಾಣಂತನನೂ ಕೆಡಿಸ್ದೋಳು ಅಂತಾರೆ, ನಾನು ಬಾವಿಗೆ ಬೀಳ್ತೀನಿ ಅಂದ್ಲು. ನಿಂಗೆ ಎಂಗೂ ವಾಸಿಯಾಯ್ತದೆ ಅಂದ್ಕಂಡೆ ಕಣಮ್ಮಿ. ಡಾಕ್ಟ್ರು ಅಂದ್ರಲ್ಲ...'

'ಅವ್ವ ಬಾವಿಗೆ ಬೀಳ್ತಾಳೆ ಅಂತ ನನ್ನ ತಳ್ಬುಟ್ಯಾ?'

ಅತ್ತಳು. ನಾನು ಅಳಲಿಲ್ಲ. ತೂ, ಏನು ಹೇಳಲಿ. ಬೇಲಿನೇ ಎದ್ದು ಹೊಲ ಮೇಯ್ದರೆ ಯಾರನ್ನ ಕೇಳೋದು ಅಂತಾರಲ್ಲ, ಆ ಮಾತನ್ನ ಅಷ್ಟು ದಿನ ನಾನು ಬೇರೆಯವರ ಜಗಳದಲ್ಲಿ ಆಡ್ತಿದ್ದೆ. ನನಗೇನು ಇವರು ಆಸ್ತಿಯಲ್ಲಿ ಮೋಸ ಮಾಡಿದ್ದರೆ ಬೈದು ಮರೆತುಬಿಡ್ತಿದ್ದೆ. ಕೈ ಹಿಡಿದು ಕೇಳಿದ್ದೆನಲ್ಲ. ಕೂಸು ಬೇಕು ಅಂತ ಬಾಯಿ ಬಿಟ್ಟು ಹೇಳಿದ್ದೆನಲ್ಲ. ಫೋನಿನಲ್ಲಿ ನಾನು ಅಳುವಾಗ ಆ ಕಡೆ ಅವಳ ಹೊಟ್ಟೆಯ ಮೇಲೆ ಉಪ್ಪಿನ ಗಂಟು ಇತ್ತಾ? ಇದ್ದೇ ಇತ್ತು.

ಒಳಗೆ ಹೋಗಿ ಅವ್ವನ ಮುಂದೆ ನಿಂತೆ. ಅವಳಿಗೆ ನನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು. ತಲೆ ಎತ್ತದೆ ಕಡುಬಿನ ಅಂಚು ಒತ್ತುತ್ತಾ, 'ನಾನು ಮಾಡಿದ ಬಾಣಂತನದಲ್ಲಿ ಏನೂ ಕಮ್ಮಿ ಇರ್ನಿಲ್ಲ' ಅಂದಳು. ಅಷ್ಟೇ. ನಾನು ಕೇಳಿದ್ದೇ ಬೇರೆ, ಅವಳು ಹೇಳಿದ್ದೇ ಬೇರೆ. ಬಾಗಿನ ಮೊರ ಅಲ್ಲೇ ಬಿಟ್ಟು, ಮಗನ ಕೈ ಹಿಡಿದುಕೊಂಡು ಸಿಕ್ಕಿದ ಬಸ್ಸು ಹತ್ತಿದೆ.

ಮಂಡ್ಯದ ಒಂದು ಆಸ್ಪತ್ರೆಗೆ ಹೋಗಿದ್ದು ಯಾರ ಮಾತೂ ಕೇಳದೆ, ಯಾರನ್ನೂ ಜೊತೆಗೆ ಕರೆಯದೆ. ಲೇಡಿ ಡಾಕ್ಟರು. ಬಹಳ ಹೊತ್ತು ಕಾಯಿಸಿದರು, ಬೈದುಕೊಂಡೇ ಕೂತಿದ್ದೆ. ಆದರೆ ಆಯಮ್ಮ ಮಲಗಿಸಿ, ಹೊಲಿಗೆಯ ಉದ್ದಕ್ಕೂ ಬೆರಳು ಒತ್ತುತ್ತಾ ಬಂದರು. ಬಲತುದಿಗೆ ಬಂದಾಗ ನಾನು ಕಿರುಚಿದೆ. 'ಮುಟ್ಟು ಬರೋ ಹೊತ್ತಿಗೆ ಇದು ಊದಿಕೊಳ್ತಿತ್ತಾ?' ಅಂತ ಕೇಳಿದರು. ಅಷ್ಟು ವರ್ಷಕ್ಕೆ ಒಬ್ಬರೂ ಕೇಳದ ಪ್ರಶ್ನೆ ಅದು. ಹೂಂ ಅಂದೆ, ಅಲ್ಲೇ ಅಳು ಬಂತು.

ಅವರು ಹೇಳಿದ್ದನ್ನ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಸಿಜೇರಿಯನ್ ಮಾಡುವಾಗ ಗರ್ಭಕೋಶದ ಒಳಪದರದ ಚೂರು ಅಪರೂಪಕ್ಕೆ ಹೊಲಿಗೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಬೇರು ಬಿಡುತ್ತಂತೆ. ಗರ್ಭಕೋಶ ಮುಟ್ಟಾದಾಗ ಈ ಚೂರೂ ಅಲ್ಲೇ ಮುಟ್ಟಾಗುತ್ತೆ, ಹೊರಗೆ ಬರೋಕೆ ದಾರಿ ಇಲ್ಲದೆ ಗಂಟಾಗುತ್ತೆ. ಗರ್ಭಕೋಶ ತೆಗೆದರೂ ಅಂಡಾಶಯ ಕೆಲಸ ಮಾಡ್ತಾನೇ ಇರೋದರಿಂದ ಇದು ಸುಮ್ಮನಾಗಲ್ಲ. ಎಲ್ಲರ ನೋವೂ ಇದೇ ಅಲ್ಲ ಅಂತಲೂ ಹೇಳಿದರು. ಕೆಲವರಿಗೆ ಒಳಗಿನ ಅಂಗಗಳು ಗಾಯ ಮಾಯುವಾಗ ಒಂದಕ್ಕೊಂದು ಅಂಟಿಕೊಂಡು ಎಳೆಯುತ್ತವೆ, ಕೆಲವರಿಗೆ ನರ ಹೊಲಿಗೆಗೆ ಸಿಕ್ಕಿರುತ್ತೆ, ಕೆಲವರಿಗೆ ನಂಜು, ಕೆಲವರಿಗೆ ಅಡಿಹೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಯಾವುದು ಅಂತ ನೋಡಿ ಆಮೇಲೆ ಔಷಧಿ ಮಾಡಬೇಕು, ನೋವು ಅಂದ ಕೂಡಲೇ ಗರ್ಭಕೋಶಕ್ಕೆ ಕೈ ಹಾಕೋದಲ್ಲ ಅಂದರು.

'ಬಾಣಂತನ ಸರಿ ಇಲ್ಲದೆ ಹೋದ್ರೆ ಹಿಂಗಾಗುತ್ತಾ ಮೇಡಂ?' ಅಂತ ಕೇಳಿದೆ.

'ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ನಿಮ್ಮ ತಾಯಿ ಏನು ತಪ್ಪು ಮಾಡಿದ್ರು?'

ಏನೂ ಮಾಡಿರಲಿಲ್ಲ. ಅದನ್ನ ಕೇಳಿದ ಮೇಲೆ ನನ್ನ ಸಿಟ್ಟು ಇಳಿಯೋದಿರಲಿ, ಹೆಚ್ಚಾಯಿತು. ಮಾಡದ ತಪ್ಪು ಮುಚ್ಚಿಕೊಳ್ಳೋಕೆ ಅವ್ವ ನನ್ನ ಮಗಳನ್ನ ಹುಟ್ಟೋಕೆ ಮುಂಚೆಯೇ ಬಲಿ ಕೊಟ್ಟುಬಿಟ್ಟಿದ್ದಳು. ಆ ಗಂಟನ್ನ ಸಣ್ಣ ಆಪರೇಷನ್ ಮಾಡಿ ತೆಗೆದರು. ನೋವು ಹೋಯಿತು. ಬ್ಯಾಗು ಈಗ ಮುಂದೇ ನೇತಾಡುತ್ತೆ. ಹಂಪು ಹಾರಿದಾಗ ಬಂದು ಗುದ್ದುತ್ತೆ, ಏನೂ ಆಗಲ್ಲ. ಅಷ್ಟು ಸಣ್ಣ ಕೆಲಸಕ್ಕೆ ಎಷ್ಟು ದೊಡ್ಡದನ್ನ ಕಳಕೊಂಡೆ ಅಂತ ಮಾತ್ರ ಪ್ರತಿ ಸಲವೂ ನೆನಪಾಗುತ್ತೆ.

ಆಮೇಲೆ ತವರಿಗೂ ಹೋಗಲಿಲ್ಲ, ಅಕ್ಕನ ಮನೆಗೂ ಹೋಗಲಿಲ್ಲ. ಅವಳು ಒಂದೆರಡು ಸಲ ನನ್ನ ಬಸ್ಸಿಗೇ ಹತ್ತಿದಳು. 'ಆಧಾರ್ ತೋರ್ಸಿ' ಅಂದೆ. ತೋರಿಸಿದಳು.

ಹೋದ ವರ್ಷ ಅಕ್ಕನ ಮಗಳು ಫೋನು ಮಾಡಿದಳು. ಆ ಹುಡುಗಿಯದ್ದೂ ಸಿಜೇರಿಯನ್. ಕೂಸಿಗೆ ವರ್ಷ ತುಂಬಿದ್ದರೂ ಅಡಿಹೊಟ್ಟೆ ನೋವು ಬಿಟ್ಟಿಲ್ಲ. 'ಚಿಕ್ಕವ್ವ, ಅಜ್ಜಿ ಬಂದವ್ಳೆ. ಮದ್ದೂರಿಗೆ ಕರ್ಕಂಡೋಗಿ ತೆಗಿಸ್ಬುಡಾನ ಅಂತಾವ್ಳೆ. ನೀನು ಬತ್ತೀಯಾ?' ಅಂದಳು. ಅವತ್ತು ನನಗೆ ರಜ. ಹೋದೆ.

ಅಕ್ಕನ ಮನೆ ನಡುಮನೆಯಲ್ಲಿ ಎಲ್ಲರೂ ಕೂತಿದ್ದರು. ಅವ್ವ ಮರಿಮಗಳನ್ನ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನ ಕಂಡು, ಏನೂ ಆಗೇ ಇಲ್ಲದವಳ ಹಾಗೆ, ಮೊಮ್ಮಗಳಿಗೆ ಅಂದಳು, 'ಅಕೋ, ನಿಮ್ ಚಿಕ್ಕವ್ವನ್ನೇ ಕೇಳು. ತೆಗಿಸ್ಕಂಡ ಮೇಲೆ ಎಂಗೆ ಬಸ್ಸಲ್ಲಿ ನಿಂತ್ಕಂಡು ಓಡಾಡ್ತಾವ್ಳೆ ನೋಡು.' ಎಷ್ಟು ಧೈರ್ಯ! ಈ ಸಲ ಸಾಕ್ಷಿ ಹೇಳೋ ಸರದಿ ನನ್ನದಂತೆ.

'ನಂಗೆ ತೆಗಿಸಿದ್ರಿಂದ ವಾಸಿಯಾಗ್ನಿಲ್ಲ ಕಣ್ ಮಗ' ಅಂದೆ. 'ವಾಸಿಯಾಗಿದ್ದು ಬೇರೆ ಡಾಕ್ಟ್ರು ಹೊಲಿಗೆ ಗಂಟು ತೆಗೆದ ಮೇಲೆ. ನಿಮ್ಮವ್ವಂಗೂ ವಾಸಿಯಾಗಿಲ್ಲ. ಕೇಳು ಬೇಕಾರೆ.'

'ಥೂ! ಎತ್ತ ತಾಯಿ ಮಾನ ತೆಗಿಯಕೆ ಬಂದ್ಯಾ?' ಅಂತ ಅವ್ವ ಕೂಗಿದಳು. ಕೂಸು ಬೆದರಿ ಅಳೋಕೆ ಶುರುಮಾಡಿತು. ಹುಡುಗಿ ಅವಳ ಅವ್ವನ ಕಡೆ ತಿರುಗಿ, 'ಊಂನವ್ವ, ದಿಟವಾ?' ಅಂದಳು.

ಅಕ್ಕ ಅವ್ವನ ಕಡೆ ನೋಡಿದಳು. ಅದೇ ನೋಟ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಇಪ್ಪತ್ತೆರಡರ ಹುಡುಗಿ, ಕೈಯಲ್ಲಿ ಒಂದೇ ಕೂಸು. ಈಗಲಾದರೂ ಹೇಳ್ತಾಳೆ ಅಂತ ಕಾದೆ.

'ಇಲ್ಲ ಕಣೆ. ನಂಗೆ ಯಾವತ್ತೋ ವಾಸಿಯಾಯ್ತು' ಅಂದಳು ಅಕ್ಕ.

ನನಗೆ ಮಾಡಿದ್ದನ್ನ ತಂಗಿ ಅಂತ ಮಾಡಿದಳು ಅಂದುಕೊಂಡಿದ್ದೆ, ಮಗಳಿಗೂ ಅದನ್ನೇ ಮಾಡ್ತಾಳಲ್ಲ. ಎದ್ದು ಹೊರಡೋಣ ಅಂತ ಸೆರಗು ಸರಿಮಾಡಿಕೊಂಡೆ. ಆದರೆ ಆ ಹುಡುಗಿ ಅಕ್ಕನನ್ನ ದಿನಾ ಕಣ್ಣಾರೆ ನೋಡಿಕೊಂಡೇ ಬೆಳೆದವಳು. ಕೂಗಲಿಲ್ಲ, ಜಗಳ ಆಡಲಿಲ್ಲ. ಮೆತ್ತಗೆ ಕೇಳಿದಳು.

'ಅಂಗಾದ್ರೆ ದಿನಾ ಉಪ್ಪು ಯಾಕವ್ವ ಉರಿತೀಯ?'

ಅಕ್ಕನ ಕೈ ತಾನಾಗೇ ಅಡಿಹೊಟ್ಟೆಗೆ ಹೋಯಿತು. ಅವ್ವ ಕೂಸನ್ನ ಎತ್ತಿಕೊಂಡು, ನೀರು ಆರೋಯ್ತದೆ ಅಂತ ಗೊಣಗುತ್ತಾ ಬಚ್ಚಲಿಗೆ ನಡೆದಳು. ಬಚ್ಚಲಿಂದ ಚೊಂಬಿನ ಸದ್ದು ಬರತೊಡಗಿತು. ಆಮೇಲೆ ಹುಡುಗಿಯೇ ಒಳಗೆ ಹೋಗಿ ಕೂಸನ್ನ ಈಸಿಕೊಂಡು ಬಂದಳು, ಅವ್ವ ಹೊರಗೆ ಬರಲೇ ಇಲ್ಲ.

ನೀರು ಹುಯ್ದ ಕೂಸು ನಿದ್ದೆ ಮಾಡಿತು. ಅದನ್ನ ಹುಡುಗಿ ಹೆಗಲಿಗೆ ಹಾಕಿಕೊಂಡಳು. ಮಂಡ್ಯಕ್ಕೆ, ನನ್ನ ಡಾಕ್ಟರ ಹತ್ತಿರ ಹೊರಟೆವು. ಬಸ್ ಸ್ಟ್ಯಾಂಡ್ ಸೇರೋ ಹೊತ್ತಿಗೆ ಹಿಂದಿಂದ ಅಕ್ಕ ಓಡೋ ಹಾಗೆ ಬರುತ್ತಿದ್ದಳು, ಕೈಯಲ್ಲಿ ಆಧಾರ್ ಕಾರ್ಡು. 'ನಾನೂ ತೋರಿಸ್ಕತೀನಿ' ಅಂದಳು, ನನಗಲ್ಲ, ಮಗಳಿಗೆ.

ಬಸ್ಸು ತುಂಬಿತ್ತು. ಹುಡುಗಿಗೆ ಕೂಸಿದೆ ಅಂತ ಯಾರೋ ಮುಂದೆ ಜಾಗ ಬಿಟ್ಟರು. ಅಕ್ಕನಿಗೆ ಹಿಂದಿನ ಸೀಟು ಸಿಕ್ಕಿತು. ಕೂತವಳು ಕಿಟಕಿ ಕಡೆಗೆ ಸರಿದು ಪಕ್ಕದಲ್ಲಿ ಜಾಗ ಮಾಡಿ, ಅದರ ಮೇಲೆ ಕೈ ಇಟ್ಟು ನನ್ನ ಕಡೆ ನೋಡಿದಳು. ಶಾಲೆಗೆ ಹೋಗುವಾಗ ನನಗೆ ಅಂತ ಹಾಗೇ ಕೈ ಇಟ್ಟು ಜಾಗ ಹಿಡಿಯೋಳು.

ಮಂಡ್ಯದವರೆಗೂ ನಾನು ಕಂಬ ಹಿಡಿದು ನಿಂತೇ ಬಂದೆ.